ಕಡಲಿಲ್ಲದ ಸೀಮೆಯಲ್ಲಿ ದಡದ ವ್ಯಾಜ್ಯ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ಈ ಸೀಮೆಗೆ ಕಡಲಿಲ್ಲ. ವರ್ಷವಿಡೀ ಹರಿಯುವ ನದಿಯೂ ಇಲ್ಲ. ನಂದಿಯ ಆಸುಪಾಸಿನ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿಗಳು ಮಳೆಗಾಲದ ಅತಿಥಿಗಳು. ಆದುದರಿಂದ ಇಲ್ಲಿಯ ಜನಕ್ಕೆ ದಡವೆಂದರೆ ಕೆರೆಯ ದಡವೇ. ಆ ದಡ ಯಾರ ಸೊತ್ತು ಎಂಬ ಪ್ರಶ್ನೆ ಮಾತ್ರ ಬಹಳ ಹಳೆಯದು.

ಕೆರೆಯನ್ನು ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಭೂಮಿಯನ್ನು ಬಿಡುವ ಪದ್ಧತಿ ಹಿಂದೆ ಇತ್ತು. ಶಾಸನಗಳು ಇದನ್ನು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಕರೆಯುತ್ತವೆ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಈ ನಾಲ್ಕೂ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ದಾನವನ್ನು ಅಪಹರಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲೆಂಬ ಶಾಪ ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂದಿನ ಕಾನೂನಿನ ಬಲವೇ ಆ ಶಾಪ. ಆದರೆ ಬಿಟ್ಟುಕೊಟ್ಟದ್ದು ಏರಿಯ ಕೆಳಗಿನ ಗದ್ದೆಯನ್ನು; ನೀರು ನಿಲ್ಲುವ ಅಂಗಳವನ್ನಲ್ಲ.

1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳು ಒಪ್ಪಂದ ಮಾಡಿಕೊಂಡಾಗ, ಗೊತ್ತುಪಡಿಸಿದ ನದಿಗಳಿಗೆ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಅಂದಿನ ಜಗಳ ನೀರಿನದು. ಕೊಳವೆಬಾವಿಗಳು ಬಂದು, ಅಂತರ್ಜಲ ಪಾತಾಳಕ್ಕಿಳಿದು, ಕೆರೆಗಳು ಬತ್ತಿದ ಮೇಲೆ ಜಗಳ ನೆಲದ್ದಾಯಿತು. ನೀರಿಲ್ಲದ ಅಂಗಳ ನೋಡುವವರ ಕಣ್ಣಿಗೆ ಬರಿಯ ಬಯಲು, ಲೆಕ್ಕ ಹಾಕುವವರಿಗೆ ನಿವೇಶನ.

ಈ ವಿಷಯದಲ್ಲಿ ದೂರದ ಎರಡು ತೀರ್ಪುಗಳು ನಮಗೂ ದಾರಿ ತೋರಿಸಿವೆ. ಹಿಮಾಚಲದ ಬಿಯಾಸ್ ನದಿಯ ದಂಡೆಯನ್ನು ಕುರಿತ ಮೊಕದ್ದಮೆಯಲ್ಲಿ, 1996ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಕಡಲತೀರ, ಹರಿಯುವ ನೀರು, ಅರಣ್ಯಗಳಿಗೆ ಸರ್ಕಾರ ಒಡೆಯನಲ್ಲ, ಧರ್ಮದರ್ಶಿ ಮಾತ್ರ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. 2001ರಲ್ಲಿ ಉತ್ತರ ಪ್ರದೇಶದ ಹಳ್ಳಿಯೊಂದರ ಕೊಳವನ್ನು ಮನೆಗಳಿಗೆ ಹಂಚಿದ್ದನ್ನು ಅದೇ ನ್ಯಾಯಾಲಯ ರದ್ದುಪಡಿಸಿತು. ಕರ್ನಾಟಕವೂ 2014ರಲ್ಲಿ ಕೆರೆಗಳ ಸಂರಕ್ಷಣೆಗಾಗಿ ಪ್ರತ್ಯೇಕ ಶಾಸನವನ್ನು ರಚಿಸಿತು.

ಇಂದು ಬೆಂಗಳೂರಿನ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಈ ಸೀಮೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದದ್ದು ಹೆಬ್ಬಾಳ–ನಾಗವಾರ ಕಣಿವೆಯ ನೀರು. ಕೋಲಾರದ ಕಡೆಯ ಯೋಜನೆಗೆ 2018, 2019ರಲ್ಲಿ ನ್ಯಾಯಾಲಯಗಳ ತಡೆಯಾಜ್ಞೆ ಬಂದು, ಮುಂದೆ ತೆರವಾಯಿತು. ಬತ್ತಿದ ಕೆರೆಗೆ ನೀರು ಬೇಕು, ನಿಜ; ಅದು ಎಂಥ ನೀರು ಎಂದು ಕೇಳುವ ಹಕ್ಕೂ ದಡದ ಜನಕ್ಕಿದೆ.

ಕೆರೆ ತುಂಬಿದಾಗ ಅದರ ಮೇರೆಯನ್ನು ನೀರೇ ತೋರಿಸುತ್ತದೆ. ಬತ್ತಿದಾಗ ತೋರಿಸಬೇಕಾದುದು ಸರ್ವೆಯ ನಕ್ಷೆ ಮತ್ತು ಊರಿನ ನೆನಪು. ಊರು ಮರೆತರೆ ನಕ್ಷೆಯೊಂದೇ ಕೆರೆಯನ್ನು ಉಳಿಸಲಾರದು.