ಮನಸ್ಸೂ ಮದ್ದೂ: ಹೆರಿಗೆ ನೋವಿನ ಉಪಶಮನದ ಕಥೆ

ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿರುವ ಮನೆಯ ಸಂಭ್ರಮವನ್ನೂ, ಅದರೊಡನೆ ಬೆರೆತ ಅಂಜಿಕೆಯನ್ನೂ ನಿಮ್ಮಲ್ಲಿ ಅನೇಕರು ಬಲ್ಲಿರಿ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುತ್ತ ಬಂದದ್ದು ಸುಮ್ಮನೆ ಅಲ್ಲ. ಮೂರು ವರ್ಷಗಳ ಹಿಂದೆ ನಮ್ಮ ಮನೆಗೂ ಮಗಳು ಹೀಗೆಯೇ ಬಂದಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಅವಳು ಗೋಡೆಗೊರಗಿ ಕುಳಿತು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದು ಬಿಡುತ್ತ, ಮೈಯನ್ನು ಅಂಗಾಂಗವಾಗಿ ಸಡಿಲಿಸುವುದನ್ನು ಅಭ್ಯಾಸ ಮಾಡುತ್ತಿದ್ದಳು. ಇದಕ್ಕೆ ಈಗ ಹಿಪ್ನೋಬರ್ತಿಂಗ್ ಎಂಬ ಹೆಸರಿದೆ. ಹೆರಿಗೆಯ ದಿನ ಹನ್ನೆರಡು ಗಂಟೆಗಳ ಕಾಲ ಈ ಅಭ್ಯಾಸದ ಬಲದಿಂದಲೇ ತಡೆದುಕೊಂಡವಳು, ಕೊನೆಗೆ ವೈದ್ಯರನ್ನು ಕೇಳಿ ಎಪಿಡ್ಯೂರಲ್ ಎಂಬ ನೋವು ನಿವಾರಕ ಚುಚ್ಚುಮದ್ದನ್ನು ಪಡೆದಳು. ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದರು. ಆದರೆ ಮಾರನೆಯ ದಿನ, "ಅಪ್ಪಾ, ನಾನು ಸೋತೆ" ಎಂದು ಕಣ್ಣೀರಿಟ್ಟಳು. ನೋಡಲು ಬಂದ ಹಿರಿಯರೊಬ್ಬರು, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎಂದದ್ದು ಗಾಯದ ಮೇಲೆ ಬರೆ ಎಳೆದಂತಾಯಿತು. ಆ ಹೊತ್ತಿಗೆ ನನಗೆ ಸಮಾಧಾನದ ಮಾತು ತೋಚಲಿಲ್ಲ. ಮೇಷ್ಟರಿಗೆ ಮಾತು ತೋಚದಿದ್ದಾಗ ಪುಸ್ತಕವೇ ಗತಿ. ಹಾಗೆ ಓದಿ ತಿಳಿದದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಶಬ್ದದ ವಿಚಾರ. ನೋವಿಗೆ ನಾವು ಬಳಸುವ 'ವೇದನೆ' ಎಂಬ ಪದವು 'ತಿಳಿ' ಎಂಬ ಅರ್ಥದ 'ವಿದ್' ಧಾತುವಿನಿಂದ ಬಂದದ್ದು. ವೇದನೆಯೆಂದರೆ ಮೊದಲು ಅರಿವು, ಆಮೇಲೆ ನೋವು. ನೋವು ಹುಟ್ಟುವುದು ಮೈಯಲ್ಲಿ, ಅದನ್ನು ಅರಿಯುವುದು ಮನಸ್ಸು. ಆದ್ದರಿಂದ ಉಪಶಮನಕ್ಕೂ ಎರಡು ದಾರಿಗಳು: ಮೈಗೆ ಮದ್ದು, ಮನಸ್ಸಿಗೆ ಸಿದ್ಧತೆ. ಆಶ್ಚರ್ಯವೆಂದರೆ ಆಧುನಿಕ ವೈದ್ಯದಲ್ಲಿ ಈ ಎರಡು ದಾರಿಗಳೂ ತೆರೆದುಕೊಂಡದ್ದು ಒಂದೇ ದಶಕದಲ್ಲಿ. ತೆರೆದವರಲ್ಲಿ ಮುಖ್ಯರಾದ ಮೂವರು ಸ್ಕಾಟ್ಲೆಂಡಿನವರೇ.

ಮನಸ್ಸಿನ ದಾರಿಯನ್ನು ಮೊದಲು ನೋಡೋಣ. ೧೮೪೧ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಒಬ್ಬ ಫ್ರೆಂಚ್ ಪ್ರದರ್ಶಕನು ಜನರನ್ನು ಮಂಪರಿಗೆ ತರುವ ಆಟವನ್ನು ತೋರಿಸುತ್ತಿದ್ದನು. ಅದನ್ನು ನೋಡಲು ಹೋದವರಲ್ಲಿ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯನೂ ಒಬ್ಬ. ಮೋಸವನ್ನು ಬಯಲಿಗೆಳೆಯಬೇಕೆಂದು ಹೋದವನು, ಇದರಲ್ಲಿ ಏನೋ ನಿಜವಿದೆಯೆಂದು ಕಂಡುಕೊಂಡು ಮನೆಯಲ್ಲಿಯೇ ಪ್ರಯೋಗಗಳನ್ನು ಮಾಡಿದನು. ೧೮೪೩ರಲ್ಲಿ ಅವನು ಬರೆದ ಗ್ರಂಥದಿಂದ 'ಹಿಪ್ನಾಟಿಸಂ' ಎಂಬ ಹೆಸರು ಬಳಕೆಗೆ ಬಂದಿತು. ಇದು ಮಾಯಾಶಕ್ತಿಯಲ್ಲ, ಗಮನವು ಒಂದೆಡೆ ನೆಲೆಗೊಂಡಾಗ ಉಂಟಾಗುವ ಸ್ಥಿತಿ ಎಂಬುದು ಅವನ ನಿಲುವು. ಇದೇ ವೇಳೆಗೆ ನಮ್ಮ ದೇಶದಲ್ಲಿಯೇ, ಬಂಗಾಳದ ಹೂಗ್ಲಿಯಲ್ಲಿ, ಜೇಮ್ಸ್ ಎಸ್ಡೇಲ್ ಎಂಬ ವೈದ್ಯನು ೧೮೪೫ರಿಂದ ರೋಗಿಗಳನ್ನು ಮಂಪರಿಗೆ ತಂದು ದೊಡ್ಡ ದೊಡ್ಡ ಶಸ್ತ್ರಕ್ರಿಯೆಗಳನ್ನು ಮಾಡತೊಡಗಿದನು. ೧೮೪೬ರಲ್ಲಿ ಕಲ್ಕತ್ತೆಯಲ್ಲಿ ಅವನಿಗಾಗಿ ಒಂದು ಆಸ್ಪತ್ರೆಯೂ ತೆರೆಯಿತು.

ಹೀಗಿರಲು ಮದ್ದಿನ ದಾರಿಯೂ ತೆರೆಯಿತು. ೧೮೪೬ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಆವಿಯಿಂದ ನೋವಿಲ್ಲದ ಶಸ್ತ್ರಕ್ರಿಯೆ ನಡೆದು ಲೋಕವೇ ಬೆರಗಾಗಿತ್ತು. ೧೮೪೭ರ ಜನವರಿಯಲ್ಲಿ ಎಡಿನ್‌ಬರೋದ ಪ್ರಸೂತಿ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಅದನ್ನು ಹೆರಿಗೆಯಲ್ಲಿ ಬಳಸಿದನು. ಈತನು ರೊಟ್ಟಿ ಸುಡುವವನ ಮಗ. ಚಿಕ್ಕ ವಯಸ್ಸಿಗೇ ಪ್ರಾಧ್ಯಾಪಕನಾದ ಮೇಧಾವಿ. ಈಥರಿನ ಘಾಟು ಅವನಿಗೆ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ನವೆಂಬರ್ ೪ರ ರಾತ್ರಿ ತನ್ನ ಮನೆಯ ಊಟದ ಮೇಜಿನ ಬಳಿ, ಇಬ್ಬರು ಸಹಾಯಕರೊಡನೆ ಸಿಂಪ್ಸನ್ ಕ್ಲೋರೋಫಾರಮ್ಮನ್ನು ಮೂಸಿ ನೋಡಿದನು. ಮೂವರೂ ಎಚ್ಚರ ತಪ್ಪಿ ಕೆಳಗುರುಳಿದರು. ಎಚ್ಚರವಾದೊಡನೆ ತಾನು ಹುಡುಕುತ್ತಿದ್ದುದು ಸಿಕ್ಕಿತೆಂದು ಅವನಿಗೆ ತಿಳಿಯಿತು. ಕೆಲವೇ ದಿನಗಳಲ್ಲಿ ಅದು ಹೆರಿಗೆಯ ಕೋಣೆಗೆ ಬಂದಿತು. ಸುಲಭವಾದ ಈ ಮದ್ದುಗಳು ಬಂದ ಮೇಲೆ ಬ್ರೇಡನ ಮತ್ತು ಎಸ್ಡೇಲನ ಮಾರ್ಗವು ಮೂಲೆಗುಂಪಾಯಿತು.

ಮದ್ದಿನ ದಾರಿಗೂ ಅಡ್ಡಿಗಳಿಲ್ಲದೆ ಇರಲಿಲ್ಲ. ಬೈಬಲ್ಲಿನ ಆದಿಕಾಂಡದಲ್ಲಿ ಹೆಣ್ಣು ನೋವಿನಿಂದ ಹೆರಬೇಕೆಂದು ಹೇಳಿದೆಯಲ್ಲ ಎಂಬ ಆಕ್ಷೇಪಕ್ಕೆ ಸಿಂಪ್ಸನ್ ಅದೇ ಗ್ರಂಥದಿಂದ ಉತ್ತರವೆತ್ತಿದನು: ಆದಾಮನ ಪಕ್ಕೆಲುಬನ್ನು ತೆಗೆಯುವ ಮುನ್ನ ದೇವರು ಅವನಿಗೆ ಗಾಢನಿದ್ರೆಯನ್ನು ಬರಿಸಲಿಲ್ಲವೆ? ಆದರೆ ಹೆಚ್ಚಿನ ವಿರೋಧ ಬಂದದ್ದು ವೈದ್ಯರಿಂದಲೇ. ಫಿಲಡೆಲ್ಫಿಯದ ಹೆಸರಾಂತ ಪ್ರಸೂತಿ ಪ್ರಾಧ್ಯಾಪಕ ಚಾರ್ಲ್ಸ್ ಮೀಗ್ಸ್, ಹೆರಿಗೆ ನೋವು ಪ್ರಕೃತಿ ಕೊಟ್ಟ ಹಿತಕರವಾದ ಗುರುತು, ಅದನ್ನು ಅಳಿಸಬಾರದು ಎಂದು ವಾದಿಸಿದನು. ಆ ಮಾತನ್ನಾಡಿದವನು ಗಂಡಸೆಂಬುದನ್ನು ನೀವು ಗಮನಿಸಬೇಕು. ೧೮೫೩ರ ಏಪ್ರಿಲ್ ೭ರಂದು ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗುವನ್ನು ಹೆರುವಾಗ ಜಾನ್ ಸ್ನೋ ಎಂಬ ವೈದ್ಯನನ್ನು ಕರೆಸಿಕೊಂಡು ಕ್ಲೋರೋಫಾರಂ ಪಡೆದಳು. ಕರವಸ್ತ್ರದ ಮೇಲೆ ಕೊಂಚ ಕೊಂಚವಾಗಿ ಹನಿಸಿ, ಪ್ರತಿ ನೋವಿಗೂ ಮೂಸಿಸಿ, ಐವತ್ತಮೂರು ನಿಮಿಷಗಳ ಕಾಲ ಅವನು ಉಪಚರಿಸಿದನು. ರಾಣಿಗೆ ಎಚ್ಚರ ತಪ್ಪಿರಲಿಲ್ಲ. ೧೮೫೭ರಲ್ಲಿ ಕೊನೆಯ ಮಗುವಿಗೂ ಅವಳು ಅದನ್ನೇ ಬಯಸಿದಳು. ರಾಣಿಯೇ ಪಡೆದ ಮೇಲೆ ಉಳಿದವರ ಸಂಕೋಚವೂ ಬಹುಮಟ್ಟಿಗೆ ಕರಗಿತು.

ಮುಂದೆ ಮದ್ದು ಹದ ತಪ್ಪಿದ ಕಾಲವೂ ಬಂದಿತು. ೧೯೦೬ರ ಸುಮಾರಿಗೆ ಜರ್ಮನಿಯ ಫ್ರೈಬರ್ಗಿನಲ್ಲಿ ಮಾರ್ಫಿನ್ ಮತ್ತು ಸ್ಕೊಪೊಲಮಿನ್ ಎಂಬ ಎರಡು ಮದ್ದುಗಳನ್ನು ಕೂಡಿಸಿ 'ಮಬ್ಬುನಿದ್ರೆ'ಯ ಹೆರಿಗೆಯನ್ನು ಪ್ರಚಾರಕ್ಕೆ ತಂದರು. ಇದರಲ್ಲಿ ನೋವು ಇಲ್ಲವಾಗುತ್ತಿರಲಿಲ್ಲ, ನೋವಿನ ನೆನಪು ಅಳಿಯುತ್ತಿತ್ತು, ಅಷ್ಟೆ. ಮೈಮೇಲೆ ಅರಿವಿಲ್ಲದೆ ಹೊರಳಾಡುವ ಬಾಣಂತಿಯರನ್ನು ಕಟ್ಟಿಹಾಕಬೇಕಾಗುತ್ತಿತ್ತು. ಹುಟ್ಟಿದ ಕೂಸುಗಳು ಮಂಕಾಗಿ, ಉಸಿರಾಡಲು ಕಷ್ಟಪಡುತ್ತಿದ್ದವು. ತಾಯಿಗೆ ತನ್ನ ಮಗು ಹುಟ್ಟಿದ್ದೇ ತಿಳಿಯುತ್ತಿರಲಿಲ್ಲ.

ಇಂತಹ ಅತಿಗೆ ಉತ್ತರವೆಂಬಂತೆ ಮನಸ್ಸಿನ ದಾರಿ ಮತ್ತೆ ಕಾಣಿಸಿಕೊಂಡಿತು. ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ ತರುಣ ವೈದ್ಯನಾಗಿದ್ದಾಗ ಲಂಡನ್ನಿನ ಬಡವರ ಕೇರಿಯಲ್ಲಿ ಒಬ್ಬಾಕೆಯ ಹೆರಿಗೆಗೆ ಹೋಗಿದ್ದನು. ಕ್ಲೋರೋಫಾರಂ ಕೊಡಹೋದರೆ ಅವಳು ಬೇಡವೆಂದಳು. ಹೆರಿಗೆ ಶಾಂತವಾಗಿ ಮುಗಿಯಿತು. ಏಕೆ ಬೇಡವೆಂದೆ ಎಂದು ಕೇಳಿದರೆ, ತನಗೆ ನೋಯಲೇ ಇಲ್ಲ ಎಂಬ ಅರ್ಥದ ಮಾತನ್ನು ಆಡಿದಳು. ಆ ಮಾತನ್ನು ಅವನು ವರ್ಷಗಟ್ಟಲೆ ಮೆಲುಕು ಹಾಕಿದನು. ಅಂಜಿಕೆಯಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಅಂಜಿಕೆ ಮತ್ತೆ ಬೆಳೆಯುತ್ತದೆ: ಈ ಚಕ್ರವನ್ನು ವಿವರಿಸಿ ೧೯೩೩ರಲ್ಲಿಯೂ ೧೯೪೨ರಲ್ಲಿಯೂ ಗ್ರಂಥಗಳನ್ನು ಬರೆದನು. ಇತ್ತ ಸೋವಿಯತ್ ದೇಶದಲ್ಲಿ ಹಾರ್ಕಿವ್ ನಗರದ ವೆಲ್ವೊವ್ಸ್ಕಿ ಮತ್ತು ಸಂಗಡಿಗರು ಸಂಮೋಹನದ ಪ್ರಯೋಗಗಳಿಂದ ಮುಂದುವರಿದು, ಗರ್ಭಿಣಿಯರಿಗೆ ತಿಳಿವಳಿಕೆ ಮತ್ತು ಉಸಿರಿನ ಶಿಕ್ಷಣ ಕೊಡುವ ಪದ್ಧತಿಯನ್ನು ರೂಪಿಸಿದರು. ೧೯೫೧ರಲ್ಲಿ ಅದನ್ನು ಕಣ್ಣಾರೆ ಕಂಡ ಫ್ರಾನ್ಸಿನ ಫೆರ್ನಾಂ ಲಮಾಜ್ ಪ್ಯಾರಿಸ್ಸಿನಲ್ಲಿ ಅದನ್ನು ಹರಡಿದನು. ೧೯೫೬ರ ಜನವರಿಯಲ್ಲಿ ಹನ್ನೆರಡನೆಯ ಪಯಸ್ ಪೋಪರು ಈ ಪದ್ಧತಿ ಧರ್ಮಗ್ರಂಥಕ್ಕೆ ವಿರುದ್ಧವಲ್ಲವೆಂದು ಸಾರಿದರು. ಡಿಕ್-ರೀಡನ ವಿಚಾರಗಳನ್ನೇ ತಳಹದಿಯಾಗಿಟ್ಟುಕೊಂಡು ೧೯೮೯ರಲ್ಲಿ ಅಮೆರಿಕದ ಮೇರಿ ಮಾಂಗನ್ ಎಂಬಾಕೆ ಹಿಪ್ನೋಬರ್ತಿಂಗ್ ಶಿಕ್ಷಣವನ್ನು ಪ್ರಚಾರಕ್ಕೆ ತಂದಳು.

ಈ ನಡುವೆ ಮದ್ದೂ ಹದಕ್ಕೆ ಬಂದಿತು. ೧೯೨೧ರಲ್ಲಿ ಸ್ಪೇನಿನ ಸೇನಾವೈದ್ಯ ಫಿಡೆಲ್ ಪಾಹೆಸ್, ಬೆನ್ನುಹುರಿಯ ಹೊರಪೊರೆಯ ಆಚೆಗಿರುವ ಎಡೆಯಲ್ಲಿ ಮದ್ದನ್ನು ಬಿಟ್ಟು ನರಗಳನ್ನು ಜೋಮುಗೊಳಿಸುವ ಕ್ರಮವನ್ನು ಪ್ರಕಟಿಸಿದನು. ಎಪಿಡ್ಯೂರಲ್ ಎಂದರೆ ಇದೇ. ೧೯೪೭ರಲ್ಲಿ ಕ್ಯೂಬಾದ ಮಾರ್ಟಿನೆಸ್ ಕುರ್ಬೆಲೊ ಆ ಎಡೆಯಲ್ಲಿ ಸಣ್ಣ ನಳಿಗೆಯನ್ನು ಇರಿಸಿ, ಬೇಕಾದಾಗಲೆಲ್ಲ ಮದ್ದು ಕೊಡುವ ಉಪಾಯವನ್ನು ಕಂಡುಹಿಡಿದನು. ಇಂದು ಈ ಮದ್ದನ್ನು ಬಹಳ ತೆಳುವಾದ ಪ್ರಮಾಣದಲ್ಲಿ ಕೊಡುತ್ತಾರೆ. ತಾಯಿಗೆ ಪೂರ್ಣ ಎಚ್ಚರವಿರುತ್ತದೆ. ಮಗುವಿನ ಮೊದಲ ಅಳುವನ್ನು ಅವಳು ಕೇಳುತ್ತಾಳೆ.

ಹಾಗಾದರೆ ಮನಸ್ಸಿನ ಸಿದ್ಧತೆ ಮಾಡಿಕೊಂಡವರಿಗೆ ಮದ್ದು ಬೇಡವಾಗುತ್ತದೆಯೇ? ಇಂಗ್ಲೆಂಡಿನಲ್ಲಿ ೬೮೦ ಚೊಚ್ಚಲ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ವಸಂಮೋಹನವನ್ನು ಕಲಿಸಿ ಪರೀಕ್ಷಿಸಿದರು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಲಿತವರಲ್ಲಿ ನೂರಕ್ಕೆ ಸುಮಾರು ೨೮ ಮಂದಿ, ಕಲಿಯದವರಲ್ಲಿ ಸುಮಾರು ೩೦ ಮಂದಿ ಎಪಿಡ್ಯೂರಲ್ ಪಡೆದರು. ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಅಲ್ಲ. ಆದರೆ ಕಲಿತವರು ತಾವು ನಿರೀಕ್ಷಿಸಿದ್ದಕ್ಕಿಂತ ಕಡಮೆ ಅಂಜಿಕೆಯಿಂದ ಹೆರಿಗೆಯನ್ನು ದಾಟಿದ್ದರು. ಇದರಿಂದ ತಿಳಿಯುವುದೇನು? ಅಭ್ಯಾಸವು ಮದ್ದಿಗೆ ಬದಲಿಯಲ್ಲ. ಅದರ ಕೆಲಸವೇ ಬೇರೆ. ಮನೆಯಿಂದ ಆಸ್ಪತ್ರೆಗೆ ಹೋಗುವಾಗ, ಅರಿವಳಿಕೆ ತಜ್ಞರಿಗಾಗಿ ಕಾಯುವಾಗ, ಬೇನೆಯ ನಡುವೆಯೇ ಬೆನ್ನು ಬಾಗಿಸಿ ಅಲುಗಾಡದೆ ಸೂಜಿ ಚುಚ್ಚಿಸಿಕೊಳ್ಳುವಾಗ, ಕೊನೆಗೆ ಶಸ್ತ್ರಕ್ರಿಯೆಯೇ ಆಗಬೇಕೆಂದು ವೈದ್ಯರು ಹೇಳಿದಾಗ, ಮನಸ್ಸನ್ನು ನೆಲೆಯಲ್ಲಿ ಇಡುವುದು ಅದೇ ಅಭ್ಯಾಸ. ಒಂದು ಇನ್ನೊಂದಕ್ಕೆ ಶತ್ರುವಲ್ಲ. ಡಿಕ್-ರೀಡ್ ಕೂಡ, ಬೇಕೆಂದವಳಿಗೆ ಮದ್ದು ಕೈಗೆಟುಕುವಂತಿರಬೇಕೆಂದೇ ಹೇಳಿದ್ದನು.

ನಿಮ್ಮ ಮನೆಯ ಹೆಣ್ಣುಮಕ್ಕಳು ಇಂತಹ ಅಭ್ಯಾಸ ಮಾಡುತ್ತಿದ್ದರೆ ನಗಬೇಡಿ, ಪ್ರೋತ್ಸಾಹಿಸಿ. ಎಪಿಡ್ಯೂರಲ್ ಎಲ್ಲ ಊರಿನ ಆಸ್ಪತ್ರೆಗಳಲ್ಲಿಯೂ ಸಿಗುವುದಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ಆದ್ದರಿಂದ ವೈದ್ಯರನ್ನು ಮೊದಲೇ ವಿಚಾರಿಸಿಡಿ. ಬೇನೆಯ ಹೊತ್ತಿನಲ್ಲಿ ಅವಳು ಮದ್ದು ಕೇಳಿದರೆ ಕೊಡಿಸಿ, ಬೇಡವೆಂದರೆ ಅದನ್ನೂ ಗೌರವಿಸಿ. ಎರಡರಲ್ಲಿ ಯಾವುದನ್ನು ಆರಿಸಿದರೂ ಆಮೇಲೆ ಚುಚ್ಚು ಮಾತಾಡಬೇಡಿ.

ಇಷ್ಟನ್ನೂ ಓದಿದ ಮೇಲೆ ಮಗಳಿಗೆ ಹೇಳಿದೆ: "ಅಮ್ಮಾ, ಆ ಹನ್ನೆರಡು ಗಂಟೆ ನಿನ್ನನ್ನು ನಡೆಸಿದ್ದು ನಿನ್ನ ಅಭ್ಯಾಸ. ಮಿಕ್ಕ ದಾರಿಗೆ ಮದ್ದು ಜೊತೆಯಾಯಿತು. ಇದರಲ್ಲಿ ಸೋತವರು ಯಾರು?" ಅವಳು ಮಾತಾಡಲಿಲ್ಲ; ಮಗುವನ್ನು ನನ್ನ ತೊಡೆಯ ಮೇಲಿಟ್ಟು ನೀರು ಕಾಯಿಸಲು ಒಳಗೆ ಹೋದಳು.