ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ನೇರ ಉತ್ತರ: ಸುಮಾರು 14,000 ಕಿ.ಮೀ. ಅಂದರೆ ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು.

ಗೋಡೆಯ ಭೂಪಟ ನೋಡಿದರೆ ಪೂರ್ವಕ್ಕೆ ಹಾರಿ ಪೆಸಿಫಿಕ್ ದಾಟಬೇಕು ಅನ್ಸುತ್ತೆ. ಗ್ಲೋಬ್ ಮೇಲೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ: ಅದು ಬೆಂಗಳೂರಿನಿಂದ ಹೆಚ್ಚುಕಮ್ಮಿ ಉತ್ತರಕ್ಕೇ ಹೊರಟು ಟಿಬೆಟ್, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಸವರಿ, ಅಲಾಸ್ಕಾ ಮೂಲಕ ಕೆಳಗಿಳಿಯುತ್ತೆ. ಇದೇ ಅತಿ ಹತ್ತಿರದ ದಾರಿ.

ಆದರೆ ವಿಮಾನ ಸದಾ ಈ ದಾರದ ಮೇಲೇ ಹೋಗಲ್ಲ. ಗಾಳಿ ನೋಡಿಕೊಂಡು ದಾರಿ ಬದಲಿಸುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಅಲ್ಲಿಂದ ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ತಂದರು. ಹಿಡಿದದ್ದು ಸುಮಾರು 17 ಗಂಟೆ.

ಗಾಳಿಗಿಂತ ದೊಡ್ಡ ಅಡ್ಡಿ ರಾಜಕೀಯ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಅಮೆರಿಕದ ವಿಮಾನಗಳಿಗೆ ಮುಚ್ಚಿತು. ಭಾರತದ ಕಂಪನಿಗಳಿಗೆ ಮುಚ್ಚಲಿಲ್ಲ. ಊರು ಅವೇ ಎರಡು, ಹಾರುವ ದೂರ ಮಾತ್ರ ವಿಮಾನ ಯಾವ ದೇಶದ್ದು ಅನ್ನೋದರ ಮೇಲೆ!

ಹಾಗಾಗಿ ಮಕ್ಕಳನ್ನು ನೋಡಲು ಹೊರಟ ಅಪ್ಪ-ಅಮ್ಮಂದಿರು ಟಿಕೆಟ್ ಕೊಳ್ಳುವಾಗ ಕಿಲೋಮೀಟರ್ ಬಿಡಿ, ಒಟ್ಟು ಗಂಟೆ ಎಷ್ಟು ಅಂತ ನೋಡಿ.