ಶಿಕಾರಿ: ಕಾಲದ ನಿರ್ವಹಣೆ

ಯಶವಂತ ಚಿತ್ತಾಲರ (1928–2014) ಕಾದಂಬರಿ, ಪ್ರಕಟಣೆ 1979. ದೊಡ್ಡ ಕಂಪನಿಯ ಅಧಿಕಾರಿ ನಾಗಪ್ಪ ದಿಢೀರನೆ ಅಮಾನತುಗೊಳ್ಳುತ್ತಾನೆ. ವಿಚಾರಣೆಗೆ ಕಾಯುವ ದಿನಗಳೇ ಕೃತಿಯ ವರ್ತಮಾನ. ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ರೈಲು ಹಿಡಿದು ಮುಂಬಯಿಗೆ ದುಡಿಯಹೋಗುವ ಕನ್ನಡಿಗನಿಗೆ ಗಡಿಯಾರವೇ ಯಜಮಾನ; ಆ ಗಡಿಯಾರ ಕೈತಪ್ಪಿದವನ ಪಾಡು ಇಲ್ಲಿದೆ. ಹೊರಗಿನ ಘಟನೆ ಕಡಿಮೆ, ಒಳಗಿನ ಕುದಿತ ಹೆಚ್ಚು. ಕಂಪನಿಯ ಮೇಲಧಿಕಾರಿ ಫಿರೋಜ್ ಬಂದೂಕವಾಲಾ ಆಡಿದ ಒಂದು ಮಾತನ್ನು ನಾಗಪ್ಪ ಹತ್ತು ಬಗೆಯಲ್ಲಿ ತಿರುವಿ ನೋಡುತ್ತಾನೆ. ಅಷ್ಟರಲ್ಲಿ ಊರಿನ ಬಾಲ್ಯದ ಭಯ ನುಗ್ಗಿಬಂದು ಈಗಿನ ಸಂಶಯದೊಡನೆ ಬೆರೆಯುತ್ತದೆ. ನೆನಪು, ಸ್ವಗತ, ಪತ್ತೇದಾರಿ ಕುತೂಹಲ ಹೆಣೆದುಕೊಂಡ ಈ ತಂತ್ರ ಕೆಲವೆಡೆ ಎಳೆದಂತಾಗುವುದೂ ಉಂಟು. ಆದರೂ ಕಾಲವನ್ನು ಕುರಿತ ಜಿಜ್ಞಾಸೆ ಉಪನ್ಯಾಸವಾಗದೆ ಪಾತ್ರದ ನಿದ್ದೆಗೆಟ್ಟ ಅನುಭವವಾಗಿರುವುದು ಚಿತ್ತಾಲರ ಹೆಚ್ಚುಗಾರಿಕೆ.